ಕೆಳಗಿಡಲಾಗದ ಕೊಂಬು

ಜಾರ್ಜಿಯಾದವರು ವೈನ್ ಕುಡಿಯಲು ಬಳಸುವ ಪಾತ್ರೆಗಳಲ್ಲಿ ಕಾನ್ಸಿ ಎಂಬುದೊಂದಿದೆ. ಟಗರಿನದೋ ಹೋರಿಯದೋ ಕೊಂಬು. ಒಳಗನ್ನು ಕೆರೆದು, ಹೊರಗನ್ನು ಉಜ್ಜಿ ನುಣುಪು ಮಾಡಿ, ಅನುಕೂಲಸ್ಥರಾದರೆ ಬಾಯಿಗೆ ಬೆಳ್ಳಿಯ ಪಟ್ಟಿ ಸುತ್ತಿಸಿರುತ್ತಾರೆ. ನೋಡಲು ಚೆಂದವೇ. ಆದರೆ ಲೋಟಕ್ಕಿರುವಂತೆ ಇದಕ್ಕೆ ತಳವಿಲ್ಲ. ತುಂಬಿದ ಕೊಂಬನ್ನು ಮೇಜಿನ ಮೇಲಿಟ್ಟರೆ ಉರುಳಿ ಹಾಸುಬಟ್ಟೆಯೆಲ್ಲ ಕೆಂಪಾಗುತ್ತದೆ. ಹಾಗಾಗಿ ಕೈಗೆ ಬಂದ ಕೊಂಬನ್ನು ಖಾಲಿ ಮಾಡಿಯೇ ಕೆಳಗಿಡಬೇಕು. ಆ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಇವತ್ತು ಮಧ್ಯಾಹ್ನ ತಾನೇ ಪರಿಚಯವಾದವರ ಮನೆಯಲ್ಲಿ, ಹತ್ತಾರು ಜನ ಸುತ್ತ ಕೂತು ತನ್ನನ್ನೇ ನೋಡುತ್ತಿರುವಾಗ, ಈ ಕೊಂಬು ಕೈಗೆ ಬಂದ ಪ್ರಯಾಣಿಕನ ಪಾಡನ್ನು ಯೋಚಿಸಿ. ಗೊತ್ತಿಲ್ಲದ ಊರಿನ ರಾತ್ರಿ ಹುಟ್ಟಿಸುವ ಅಳುಕೆಲ್ಲ ಆ ಕೊಂಬಿನ ಆಕಾರದಲ್ಲೇ ಇದೆ: ಹಿಡಿದದ್ದಾಯಿತು, ಇನ್ನು ಬಿಡುವುದು ಹೇಗೆ?

ಈ ಅಳುಕಿಗೆ ಸಾಮಾನ್ಯವಾಗಿ ನಾವು ತಪ್ಪು ಹೆಸರು ಕೊಡುತ್ತೇವೆ. ಪರವೂರಿನಲ್ಲಿ ಅಲ್ಲಿನವರ ಜೊತೆ ರಾತ್ರಿ ಹೊರಟವನ ಎದೆ ಪುಕಪುಕ ಎನ್ನುತ್ತಿದ್ದರೆ ಅದು ಕಳ್ಳಕಾಕರ ಭಯ, ಅಪಾಯದ ಭಯ ಅಂದುಕೊಳ್ಳುತ್ತೇವೆ. ಅದೂ ಸ್ವಲ್ಪ ಇರುತ್ತದೆ, ಇಲ್ಲವೆಂದಲ್ಲ. ಆದರೆ ಕತ್ತಲ ಬೀದಿಯಲ್ಲಿ ಒಬ್ಬನೇ ಹೋಟೆಲ್ ಹುಡುಕುವಾಗಿನ ಭಯಕ್ಕೂ, ದೀಪ ಬೆಳಗುವ ಕೋಣೆಯಲ್ಲಿ ನಗುನಗುತ್ತಾ ಬಡಿಸುವವರ ನಡುವೆ ಕೂತಾಗಿನ ಅಳುಕಿಗೂ ವ್ಯತ್ಯಾಸವಿದೆ. ಎರಡನೆಯದರ ಒಳಹೊಕ್ಕು ನೋಡಿದರೆ ಸಿಗುವುದು ಸಣ್ಣಪುಟ್ಟ ಪ್ರಶ್ನೆಗಳು. ಎಲ್ಲಿ ಕೂರಬೇಕು? ತಿನ್ನಲು ಶುರು ಮಾಡಬಹುದೇ, ಯಾರಿಗಾದರೂ ಕಾಯಬೇಕೇ? ಈಗ ಎಲ್ಲರೂ ನಕ್ಕರಲ್ಲ, ನನ್ನ ಬಗ್ಗೆಯೇ? ಇನ್ನೊಂದು ಸುತ್ತು ಬೇಡವೆಂದರೆ ಮನೆಯವರು ನೊಂದುಕೊಳ್ಳುತ್ತಾರೆಯೇ? ದುಡ್ಡು ಯಾರು ಕೊಡುವುದು? ಎಷ್ಟು ಹೊತ್ತಿಗೆ ಎದ್ದರೆ ಮರ್ಯಾದೆ? ಇವುಗಳಲ್ಲಿ ಒಂದೂ ಪ್ರಾಣಭಯದ ಪ್ರಶ್ನೆಯಲ್ಲ, ಎಲ್ಲವೂ ಕ್ರಮದ ಪ್ರಶ್ನೆಗಳು. ಇವಕ್ಕೆ ಉತ್ತರ ಗೊತ್ತಿಲ್ಲದೆ, ಕೇಳಲೂ ಆಗದೆ ಒದ್ದಾಡುವ ಸ್ಥಿತಿಗೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ದಾಕ್ಷಿಣ್ಯ. ಬೇಡವೆನ್ನಲು ಬಾಯಿ ಬಾರದ ಸೌಜನ್ಯ ಅದು. ಪರದೇಶದ ರಾತ್ರಿಗಳಲ್ಲಿ ಜನ ಕೆಟ್ಟವರ ಕೈಗೆ ಸಿಕ್ಕಿ ಒದ್ದಾಡುವುದಕ್ಕಿಂತ ದಾಕ್ಷಿಣ್ಯಕ್ಕೆ ಸಿಕ್ಕಿ ಒದ್ದಾಡುವುದೇ ಹೆಚ್ಚು.

ಇಂಥವರಿಗೆ ಸಿಗುವ ಬುದ್ಧಿಮಾತು ಎರಡು ಬಗೆಯದು. ಮನೆಯ ಹಿರಿಯರು ಹೇಳುವುದು: ಹುಷಾರು, ಯಾರನ್ನೂ ನಂಬಬೇಡ, ಕತ್ತಲಾಗುವ ಮೊದಲು ರೂಮು ಸೇರಿಕೋ. ಪ್ರವಾಸ ಕಥನಗಳನ್ನು ಓದಿ ಬೆಳೆದವರು ಹೇಳುವುದು: ಭಯ ಬಿಡು, ಮನಸ್ಸು ತೆರೆ, ಜಗತ್ತಿನಲ್ಲಿ ಜನ ಒಳ್ಳೆಯವರೇ. ಎರಡೂ ಮಾತು ಗಮನವಿಡುವುದು ಎದುರಿನವರ ಸ್ವಭಾವದ ಮೇಲೆ. ಅವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಒಂದು ಸಂಜೆಯಲ್ಲಿ, ಅದೂ ಭಾಷೆ ಬಾರದ ಊರಿನಲ್ಲಿ ಅಳೆಯುವುದು ಯಾರಿಂದಲೂ ಆಗದು. ಅಳೆಯಬಹುದಾದ ಸಂಗತಿ ಬೇರೆಯೇ ಇದೆ. ಆ ರಾತ್ರಿಗೆ ಒಂದು ಕಟ್ಟುಪಾಡು ಇದೆಯೇ, ಆ ಕಟ್ಟುಪಾಡಿನಲ್ಲಿ ಹೊಸಬನಿಗೊಂದು ಜಾಗ ಇದೆಯೇ, ಆ ಜಾಗದಿಂದ ಎದ್ದುಹೋಗುವ ದಾರಿಯೂ ಅದರಲ್ಲಿ ಬರೆದಿದೆಯೇ ಎಂಬುದು. ಹೊಸಬನ ಅಳುಕನ್ನು ಕಳೆಯುವುದು ಪ್ರೀತಿಗಿಂತ ಹೆಚ್ಚಾಗಿ ರೀತಿ. ಇದು ಸ್ವಲ್ಪ ನೀರಸವಾಗಿ ಕೇಳಿಸಬಹುದು. ಟಿಬಿಲಿಸಿಯ ಊಟದ ಮೇಜನ್ನು ಹತ್ತಿರದಿಂದ ನೋಡಿದರೆ ಹಾಗನ್ನಿಸುವುದಿಲ್ಲ.

ಈ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕುರಾ ನದಿಯ (ಅಲ್ಲಿನವರ ಬಾಯಲ್ಲಿ ಮ್ತ್ಕ್ವಾರಿ, ಪರವೂರಿನವರ ಗಂಟಲು ಮೊದಲು ಸೋಲುವುದು ಇಲ್ಲೇ) ಎರಡು ದಂಡೆಯಲ್ಲಿ ಹರಡಿರುವ ಟಿಬಿಲಿಸಿ ಅತಿಥಿಯ ಬಗೆಗಿನ ತನ್ನ ನಿಲುವನ್ನು ಗುಡ್ಡದ ಮೇಲೆಯೇ ನಿಲ್ಲಿಸಿಕೊಂಡಿದೆ. ನಗರ ಹುಟ್ಟಿ 1,500 ವರ್ಷವಾಯಿತೆಂದು 1958ರಲ್ಲಿ ಸೊಲೊಲಾಕಿ ದಿಬ್ಬದ ತುದಿಯಲ್ಲಿ ಒಂದು ಹೆಣ್ಣಿನ ಪ್ರತಿಮೆ ನಿಲ್ಲಿಸಿದರು. ಶಿಲ್ಪಿ ಎಲ್ಗುಜಾ ಅಮಶುಕೆಲಿ. ಹೆಸರು ಕಾರ್ತ್ಲಿಸ್ ದೆದಾ, ಜಾರ್ಜಿಯಾದ ತಾಯಿ ಎಂದರ್ಥ. ಸುಮಾರು 20 ಮೀಟರ್ ಎತ್ತರ, ಅಲ್ಯೂಮಿನಿಯಂ ಮೈ. ಎಡಗೈಯಲ್ಲಿ ವೈನ್ ತುಂಬಿದ ಬಟ್ಟಲು, ಬಲಗೈಯಲ್ಲಿ ಕತ್ತಿ. ಗೆಳೆಯರಾಗಿ ಬಂದವರಿಗೆ ಬಟ್ಟಲು, ಹಗೆಗಳಾಗಿ ಬಂದವರಿಗೆ ಕತ್ತಿ ಎಂದು ವಿವರಿಸುತ್ತಾರೆ. ಪರ್ಷಿಯನ್ನರು, ಮಂಗೋಲರು, ರಷ್ಯನ್ನರು, ಹೀಗೆ ಬಂದವರೆಲ್ಲ ಬರೀ ಬಟ್ಟಲು ಹುಡುಕಿ ಬಂದವರಲ್ಲವಾದ್ದರಿಂದ ಆ ಎಚ್ಚರ ಸಹಜವೇ. ನಾವು ಮರೆಯುವ ಸಂಗತಿಯೊಂದನ್ನು ಈ ಪ್ರತಿಮೆ ನೆನಪಿಸುತ್ತದೆ: ಅಂದು ರಾತ್ರಿ ಅಳುಕುವವನು ಅತಿಥಿಯೊಬ್ಬನೇ ಅಲ್ಲ. ಬಾಗಿಲು ತೆರೆದವರಿಗೂ ಅಳುಕಿದೆ. ಶತ್ರು ಎಂಬ ಅರ್ಥದ ಲ್ಯಾಟಿನ್ ಮಾತು ‘ಹೋಸ್ಟಿಸ್’ ಮೊದಲು ಹೊರಗಿನವನನ್ನೇ ಸೂಚಿಸುತ್ತಿತ್ತು. ಅತಿಥಿ, ಆತಿಥೇಯ ಎರಡಕ್ಕೂ ಬಳಸುವ ‘ಹೋಸ್ಪೆಸ್’ ಅದೇ ಬೇರಿನದು. ಬಂದವನು ಯಾವುದಾಗುತ್ತಾನೆ ಎಂಬುದು ಊಟ ಮುಗಿಯುವವರೆಗೂ ಗೊತ್ತಿರುವುದಿಲ್ಲ. ನಮ್ಮ ‘ನೆಂಟ’ ಎಂಬ ಮಾತಿನಲ್ಲಿ ಸಂಬಂಧಿಕನೂ ಇದ್ದಾನೆ, ಮನೆಗೆ ಬಂದವನೂ ಇದ್ದಾನೆ. ಬಂದವನನ್ನು ಬೇಗ ಸಂಬಂಧಿಕನನ್ನಾಗಿ ಮಾಡಿಕೊಂಡರೆ ಅಳುಕು ಕಡಿಮೆ ಎಂಬ ಲೆಕ್ಕಾಚಾರ ನಮ್ಮ ಹಿರಿಯರದೂ ಇದ್ದಿರಬೇಕು.

ಜಾರ್ಜಿಯಾದವರು ಈ ಎರಡು ಕಡೆಯ ಅಳುಕಿಗೆ ಕಂಡುಕೊಂಡ ಪರಿಹಾರದ ಹೆಸರು ಸುಪ್ರಾ. ಮೇಜಿನ ಹಾಸುಬಟ್ಟೆ ಎಂಬುದು ಪದದ ಮೂಲ ಅರ್ಥ; ಪರ್ಷಿಯನ್, ಅರಬ್ಬಿ, ಟರ್ಕಿ ಸೀಮೆಯ ‘ಸುಫ್ರಾ’ ಬಳಗಕ್ಕೆ ಸೇರಿದ ಮಾತು. ಈಗ ಅದು ಇಡೀ ಔತಣದ ಹೆಸರು. ಆ ಬಟ್ಟೆಯ ಮೇಲೆ ಜಾಗ ಖಾಲಿ ಕಾಣಬಾರದೆಂಬುದು ನಿಯಮ. ಚೀಸ್ ತುಂಬಿದ ಖಾಚಪುರಿ, ಅಕ್ರೋಟಿನ ಪುಡಿ ಕಲಸಿದ ಪಾಲಕ್ ಉಂಡೆ, ಅದೇ ಅಕ್ರೋಟ್ ಲೇಪಿಸಿ ಸುರುಳಿ ಸುತ್ತಿದ ಬದನೆ, ಮಣ್ಣಿನ ಕುಡಿಕೆಯಲ್ಲಿ ಬೆಂದ ರಾಜ್ಮಾ ಜಾತಿಯ ಕಾಳಿನ ಲೋಬಿಯೋ, ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ಕ್ರೈಸ್ತ ಉಪವಾಸದ ದಿನಗಳು ಅಲ್ಲಿ ಹೆಚ್ಚಾದ್ದರಿಂದ ಮಾಂಸ ಮುಟ್ಟದವರಿಗೂ ಹೊಟ್ಟೆ ತುಂಬುವಷ್ಟು ಬಗೆಗಳಿವೆ. ಹೊಸ ತಟ್ಟೆ ಬಂದಾಗ ಹಳೆಯದನ್ನು ಎತ್ತುವುದಿಲ್ಲ. ತಟ್ಟೆಗಳ ಅಂಚಿನ ಮೇಲೆ ತಟ್ಟೆಯನ್ನಿಟ್ಟು ಎರಡನೆಯ ಅಂತಸ್ತು ಕಟ್ಟುತ್ತಾರೆ. ಇದೆಲ್ಲ ಕಣ್ಣಿಗೆ ಕಾಣುವ ಸಮೃದ್ಧಿ. ಆದರೆ ಔತಣವನ್ನು ನಡೆಸುವುದು ಅಡುಗೆಯಲ್ಲ, ಒಬ್ಬ ಮನುಷ್ಯ. ಅವನು ತಮಾದಾ.

ತಮಾದಾ ಅಂದರೆ ಆ ರಾತ್ರಿಯ ಯಜಮಾನ, ಸಭಾಪತಿ, ಅರ್ಧ ಪುರೋಹಿತ. ಕೂತವರೆಲ್ಲ ಒಪ್ಪಿ ಒಬ್ಬನನ್ನು ಆರಿಸುತ್ತಾರೆ. ಆಮೇಲೆ ಅವನು ಮಾತಾಡಿ ಶುಭ ಕೋರುವವರೆಗೆ ಯಾರೂ ಗುಟುಕು ಏರಿಸುವಂತಿಲ್ಲ; ದಾಹವಾಯಿತೆಂದು ಸುಮ್ಮನೆ ವೈನ್ ಹೀರುವುದು ಅನಾಗರಿಕತನ. ಅವನು ಒಂದು ವಿಷಯ ಎತ್ತಿಕೊಳ್ಳುತ್ತಾನೆ: ಶಾಂತಿ, ನಾಡು, ತೀರಿಕೊಂಡವರು, ಮಕ್ಕಳು, ತಂದೆತಾಯಿ, ಗೆಳೆತನ. ಎರಡು ನಿಮಿಷವೋ ಹತ್ತು ನಿಮಿಷವೋ ಮಾತಾಡಿ, ಗೆಲುವಾಗಲಿ ಎಂಬರ್ಥದ ‘ಗೌಮರ್ಜೋಸ್’ ಕೂಗಿ ಕುಡಿಯುತ್ತಾನೆ. ಉಳಿದವರು ಸರದಿಯಲ್ಲಿ ಅದೇ ವಿಷಯಕ್ಕೆ ತಮ್ಮದೊಂದು ಮಾತು ಸೇರಿಸಿ ಕುಡಿಯುತ್ತಾರೆ. ವಿಷಯ ಬದಲಿಸುವ ಹಕ್ಕು ಯಾರಿಗೂ ಇಲ್ಲ. ಬೇಕೆಂದಾಗ ತಮಾದಾ ‘ಅಲಾವೆರ್ದಿ’ ಎಂದು ಹೇಳಿ ಒಬ್ಬರಿಗೆ ಮಾತಿನ ಎಳೆ ದಾಟಿಸುತ್ತಾನೆ. ಲೋಟ ತುಂಬುವ ಕೆಲಸಕ್ಕೆ ಬೇರೆ ಆಳೇ ಇದ್ದಾನೆ, ಅವನಿಗೆ ಮೆರಿಕಿಪೆ ಎಂದು ಹೆಸರು. ಹಾಡು ಬಂದರೆ ಮೂರು ಸ್ವರಗಳು ಒಂದರ ಮೇಲೊಂದು ಏರುವ ಅಲ್ಲಿನ ಹಾಡೇ ಬರಬೇಕು. ಆ ಗಾಯನದ ಒಂದು ತುಣುಕನ್ನು, ‘ಚಾಕ್ರುಲೊ’ ಎಂಬ ಹಾಡನ್ನು, 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿಟ್ಟು ಅಂತರಿಕ್ಷಕ್ಕೆ ಕಳಿಸಿದ್ದಾರೆ. ಗೊತ್ತಿಲ್ಲದವರನ್ನು ಹಾಡಿನಿಂದ ಮಾತಾಡಿಸುವ ಅಭ್ಯಾಸ ಭೂಮಿಯ ಮೇಲಷ್ಟೇ ನಿಲ್ಲಲಿಲ್ಲ ಅನ್ನಿ.

ಹೊಸಬನಿಗೆ ಇದರಿಂದ ಆಗುವ ಉಪಕಾರ ನೋಡಿ. ಅವನ ಪ್ರಶ್ನೆಗಳಿಗೆಲ್ಲ ಯಾರನ್ನೂ ಕೇಳದೆಯೇ ಉತ್ತರ ಸಿಗುತ್ತದೆ. ಯಾವಾಗ ಕುಡಿಯಬೇಕು? ತಮಾದಾ ಕುಡಿದ ಮೇಲೆ. ಏನು ಮಾತಾಡಬೇಕು? ಅವನು ಕೊಟ್ಟ ವಿಷಯ. ಯಾವಾಗ ಸುಮ್ಮನಿರಬೇಕು? ಬೇರೆಯವರ ಸರದಿಯಲ್ಲಿ. ಅತಿಥಿಯ ಹೆಸರಿನಲ್ಲೇ ಒಂದು ಸುತ್ತು ಇರುತ್ತದೆ; ಆಗ ಎಲ್ಲರ ಕಣ್ಣು ತನ್ನ ಮೇಲೆ ಬೀಳುವುದು ತಮಾಷೆಗಲ್ಲ, ಅದು ಕಾರ್ಯಕ್ರಮದ ಒಂದು ಭಾಗ ಎಂದು ತಿಳಿಯುತ್ತದೆ. ಪ್ರತಿಯಾಗಿ ಎರಡು ಮಾತಾಡಿದರೆ ಅವನ ಋಣ ತೀರಿತು. ಭಾಷೆ ಬಾರದಿದ್ದರೆ ತನ್ನ ಭಾಷೆಯಲ್ಲೇ ಹೇಳಲಿ, ಪಕ್ಕದವರು ಅನುವಾದಿಸುತ್ತಾರೆ. ನಮ್ಮ ಮಲೆನಾಡು, ಕರಾವಳಿಯ ಮದುವೆ ಊಟಗಳಲ್ಲಿ ಪಂಕ್ತಿಯ ನಡುವಿನಿಂದ ಒಬ್ಬರು ಚೂರ್ಣಿಕೆ ಹೇಳುವುದು, ಉಳಿದವರು ಜಯಕಾರ ಸೇರಿಸುವುದು, ಆಮೇಲೆ ಇನ್ನೊಬ್ಬರು ದನಿ ತೆಗೆಯುವುದು ಇದ್ದೇ ಇದೆಯಲ್ಲ. ಪಾಯಸದ ಜಾಗದಲ್ಲಿ ವೈನ್ ಇಟ್ಟು ನೋಡಿದರೆ ಸುಪ್ರಾ ನಮಗೆ ಅಷ್ಟೇನೂ ದೂರದ್ದಲ್ಲ. ಬೀಗರ ಕಡೆಯ ಹೊಸ ಮುಖಗಳ ನಡುವೆ ಕೂತವನಿಗೆ ಆ ಚೂರ್ಣಿಕೆ ಕೊಡುತ್ತಿದ್ದ ನೆಮ್ಮದಿಯೂ ಇದೇ ಜಾತಿಯದು: ಮಾತು ಹುಡುಕುವ ಕಷ್ಟವಿಲ್ಲ, ಮೌನದ ಮುಜುಗರವೂ ಇಲ್ಲ.

ಇದು ಬರೀ ಊಹೆಯಲ್ಲ ಎನ್ನುವುದಕ್ಕೆ ಬಂದುಹೋದವರ ಬರಹಗಳಿವೆ. ‘ತ್ರೀ ಮಸ್ಕಿಟಿಯರ್ಸ್’ ಬರೆದ ಅಲೆಕ್ಸಾಂಡರ್ ಡ್ಯೂಮಾ 1858ರಲ್ಲಿ ಕಾಕಸಸ್ ಪರ್ವತ ಸೀಮೆಗೆ ಹೊರಟು ಟಿಬಿಲಿಸಿಗೂ ಬಂದ. ಅಲ್ಲಿನ ‘ತ್ಸಿಸ್ಕರಿ’ ಪತ್ರಿಕೆಯ ಸಂಪಾದಕರು ಅವನಿಗೊಂದು ಔತಣ ಕೊಟ್ಟರು. ಮುಗಿದ ಮೇಲೆ ಒಂದು ಪ್ರಮಾಣಪತ್ರವನ್ನೂ ಬರೆದುಕೊಟ್ಟರು: ಇಂಥವರು ನಮ್ಮ ಕಚೇರಿಗೆ ಬಂದು ಜಾರ್ಜಿಯಾದವರಿಗಿಂತ ಹೆಚ್ಚು ವೈನ್ ಕುಡಿದರು ಎಂದು. ತಮಾಷೆಯೇ, ಆದರೆ ಆ ಕಾಗದದಲ್ಲೊಂದು ಸೂಕ್ಷ್ಮವಿದೆ. ಹೊರಗಿನವನನ್ನು ಅಳೆದದ್ದು ತಮ್ಮದೇ ಅಳತೆಗೋಲಿನಿಂದ, ಮತ್ತು ಅವನೇ ಗೆದ್ದನೆಂದು ಲಿಖಿತವಾಗಿ ಒಪ್ಪಿಕೊಂಡರು. ಸುಮಾರು 90 ವರ್ಷದ ನಂತರ, 1947ರಲ್ಲಿ, ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಮತ್ತು ಛಾಯಾಗ್ರಾಹಕ ರಾಬರ್ಟ್ ಕಾಪಾ ಬಂದರು. ಶೀತಲ ಸಮರ ಶುರುವಾಗುತ್ತಿದ್ದ ಕಾಲ. ಅಮೆರಿಕದ ಇಬ್ಬರನ್ನು ಸ್ಟಾಲಿನ್ನನ ಸೋವಿಯತ್ ಒಕ್ಕೂಟದಲ್ಲಿ ಸುತ್ತಾಡಿಸುವುದೆಂದರೆ ಎರಡೂ ಕಡೆ ಅನುಮಾನ ತುಂಬಿತ್ತು. ಆ ಪ್ರವಾಸದ ಪುಸ್ತಕ 1948ರಲ್ಲಿ ಬಂತು. ಅದರಲ್ಲಿ ಮಾಸ್ಕೋದ ಪುಟಗಳಿಗೂ ಜಾರ್ಜಿಯಾದ ಪುಟಗಳಿಗೂ ಇರುವ ಹದದ ವ್ಯತ್ಯಾಸ ಓದಿದವರಿಗೆಲ್ಲ ತಟ್ಟುತ್ತದೆ. ಇಲ್ಲಿ ಅವರು ತಿಂದು ಕುಡಿದು ಸುಸ್ತಾಗಿದ್ದಾರೆ, ಗೋಳಾಡಿದ್ದಾರೆ, ಆದರೆ ನಿರಾಳವಾಗಿದ್ದಾರೆ. ಮಾಸ್ಕೋದ ಜನ ಕೆಟ್ಟವರಾಗಿದ್ದರು, ಟಿಬಿಲಿಸಿಯವರು ಒಳ್ಳೆಯವರಾಗಿದ್ದರು ಎನ್ನಲಾಗದು. ಸರ್ಕಾರ ಒಂದೇ, ಬೇಹುಗಾರರೂ ಒಬ್ಬರೇ. ಮೇಜಿನ ಮೇಲಿನ ಕ್ರಮ ಬೇರೆಯಿತ್ತು.

ಇನ್ನೊಂದು ಮಗ್ಗುಲಿನಿಂದಲೂ ಪುರಾವೆ ಸಿಗುತ್ತದೆ, ಮೋಸದ ಮಗ್ಗುಲಿನಿಂದ. ಇಸ್ತಾಂಬುಲ್‌ನ ತಕ್ಸಿಮ್ ಚೌಕದ ಸುತ್ತ, ಬೀಜಿಂಗ್, ಶಾಂಘೈಗಳ ಪ್ರವಾಸಿ ಬೀದಿಗಳಲ್ಲಿ ವರ್ಷಾನುಗಟ್ಟಲೆಯಿಂದ ಓಡುತ್ತಿರುವ ಒಂದೇ ಆಟವಿದೆ. ಒಬ್ಬನೇ ಓಡಾಡುವ ವಿದೇಶಿಯನ್ನು ಸಭ್ಯರಂತೆ ಕಾಣುವವರು ಮಾತಾಡಿಸುತ್ತಾರೆ. ಇಂಗ್ಲಿಷ್ ಅಭ್ಯಾಸ ಮಾಡಬೇಕು ಎಂದೋ, ನಮ್ಮೂರು ಹೇಗನ್ನಿಸಿತು ಎಂದೋ ಶುರು. ಒಂದು ಲೋಟ ಬಿಯರ್ ಕುಡಿಯೋಣ, ಒಂದು ಬಟ್ಟಲು ಚಹಾ ರುಚಿ ನೋಡೋಣ ಎಂದು ಕರೆದೊಯ್ಯುತ್ತಾರೆ. ಕೊನೆಗೆ ಬರುವ ಬಿಲ್ಲಿನಲ್ಲಿ ತಿಂಗಳ ಬಾಡಿಗೆಯಷ್ಟು ಮೊತ್ತ, ಬಾಗಿಲಲ್ಲಿ ದಾಂಡಿಗರು. ಹಲವು ದೇಶಗಳು ತಮ್ಮ ಪ್ರಜೆಗಳಿಗೆ ಕೊಡುವ ಪ್ರಯಾಣ ಸೂಚನೆಗಳಲ್ಲಿ ಇದರ ಬಗ್ಗೆ ಎಚ್ಚರಿಕೆ ಇದೆ. ಇದರ ರಚನೆಯನ್ನು ಗಮನಿಸಿ. ಪ್ರೀತಿಗೇನೂ ಕೊರತೆಯಿಲ್ಲ, ನಿಜವಾದ ಆತಿಥ್ಯದಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಇಲ್ಲದಿರುವುದು ಕ್ರಮ. ಯಾರು ಕರೆದರು, ಯಾರು ಕೊಡುವವರು ಎಂಬುದು ಕಡೆಯವರೆಗೂ ತೇಲುತ್ತಿರುತ್ತದೆ. ಮನೆಯವರಿಲ್ಲ, ಹಿರಿಯರಿಲ್ಲ, ಅವರನ್ನು ಹೆಸರು ಹಿಡಿದು ಕರೆಯುವ ನೆರೆಯವರಿಲ್ಲ. ಮೋಸಗಾರ ಬೇಟೆಯಾಡುವುದು ಅತಿಥಿಯ ದುರಾಸೆಯನ್ನಲ್ಲ, ಅವನ ದಾಕ್ಷಿಣ್ಯವನ್ನು: ಇಷ್ಟು ಒಳ್ಳೆಯವರಿಗೆ ಬಿಲ್ ಬಗ್ಗೆ ಹೇಗೆ ಕೇಳಲಿ ಎಂಬ ಮುಜುಗರವೇ ಅವನ ಬಂಡವಾಳ. ‘ಜನ ಒಳ್ಳೆಯವರು, ನಂಬು’ ಎಂಬ ಉಪದೇಶ ಇಂಥ ಕಡೆ ಕೈಕೊಡುತ್ತದೆ. ‘ಯಾರನ್ನೂ ನಂಬಬೇಡ’ ಎಂಬ ಉಪದೇಶ ಪಾಲಿಸಿದರೆ ಟಿಬಿಲಿಸಿಯ ಮೇಜೂ ತಪ್ಪಿಹೋಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಅವುಗಳಲ್ಲಿ ಗಟ್ಟಿಯಾದದ್ದನ್ನು ಎತ್ತಿದವರು ಜಾರ್ಜಿಯಾದ ಚಿಂತಕರೇ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿ ಸುಪ್ರಾದ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಒಬ್ಬನ ಮಾತಿಗೆ ಹತ್ತಾರು ಜನ ತಲೆಬಾಗುವ, ಅವನು ಹೇಳಿದ್ದನ್ನೇ ಬೇರೆ ಪದಗಳಲ್ಲಿ ಎಲ್ಲರೂ ಹೊಗಳುವ ಈ ಮೇಜು ಸರ್ವಾಧಿಕಾರದ ಶಾಲೆಯಲ್ಲವೇ ಎಂದು ಕೇಳಿದರು. ಸುಪ್ರಾದ ಬಗ್ಗೆ ಬರೆದ ಮಾನವಶಾಸ್ತ್ರಜ್ಞ ಕೆವಿನ್ ಟ್ಯೂಟ್ ತಮ್ಮ ಪ್ರಬಂಧದ ತಲೆಬರಹದಲ್ಲೇ ತಮಾದಾನನ್ನು ಔತಣದ ಮೇಜಿನ ನಿರಂಕುಶ ಪ್ರಭು ಎಂದು ಕರೆದಿದ್ದಾರೆ. ಈ ಆಕ್ಷೇಪವನ್ನು ಇನ್ನೂ ಹರಿತ ಮಾಡಬಹುದು. ಸ್ಟಾಲಿನ್ ಜಾರ್ಜಿಯಾದವನು. ಮಾಸ್ಕೋ ಹೊರಗಿನ ತನ್ನ ಬಂಗಲೆಯಲ್ಲಿ ಅವನು ರಾತ್ರಿಯಿಡೀ ನಡೆಸುತ್ತಿದ್ದ ಊಟಗಳು ಕುಖ್ಯಾತ. ಅಲ್ಲಿ ಎಷ್ಟೋ ಸಲ ತಮಾದಾ ಆಗುತ್ತಿದ್ದವನು ಗುಪ್ತಪೊಲೀಸ್ ಮುಖ್ಯಸ್ಥನಾಗಿದ್ದ ಬೇರಿಯಾ. ಯುಗೊಸ್ಲಾವಿಯಾದ ನಾಯಕ ಮಿಲೊವಾನ್ ಜಿಲಾಸ್ 1948ರ ಜನವರಿಯಲ್ಲಿ ಅಂಥ ಒಂದು ರಾತ್ರಿ ಕಂಡದ್ದನ್ನು ಬರೆದಿದ್ದಾನೆ. ಹೊರಗೆ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ ಚಳಿ ಇದೆಯೆಂದು ಎಲ್ಲರೂ ಊಹಿಸಬೇಕು, ಎಷ್ಟು ಡಿಗ್ರಿ ತಪ್ಪಿದರೋ ಅಷ್ಟು ಲೋಟ ವೋಡ್ಕಾ ಕುಡಿಯಬೇಕು. ಒಂದು ದೇಶದ ಹಣೆಬರಹ ಬರೆಯುವವರು ಕೂತು ಆಡಿದ ಆಟವಿದು. ಕ್ರಮ ಇತ್ತು, ಸರದಿ ಇತ್ತು, ಯಜಮಾನನಿದ್ದ. ಹಾಗಾದರೆ ಅಲ್ಲಿ ಕೂತವರ ಅಳುಕೇಕೆ ಕಳೆಯಲಿಲ್ಲ?

ನನ್ನ ವಾದಕ್ಕೆ ಈ ಮೇಜಿಗಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ, ಇದಕ್ಕಿಂತ ಒಳ್ಳೆಯ ತಿದ್ದುಪಡಿಯೂ ಇಲ್ಲ. ಸುಪ್ರಾದ ರೂಢಿಯಲ್ಲಿ ತಮಾದಾನ ಅಧಿಕಾರ ಆ ಕೂಟದ ಒಪ್ಪಿಗೆಯಿಂದ ಬಂದದ್ದು, ಬೆಳಗಾಗುವುದರೊಳಗೆ ಮುಗಿಯುವಂಥದ್ದು. ಏಳಬೇಕಾದವನು ತಮಾದಾನ ಅಪ್ಪಣೆ ಕೇಳಬೇಕು ನಿಜ. ಆದರೆ ಅಪ್ಪಣೆ ಕೇಳುವುದಕ್ಕೆ ಒಂದು ಜಾಗ ಇದೆ, ಕೇಳಿದವನನ್ನು ಕಳಿಸಿಕೊಡುವುದಕ್ಕೂ ಒಂದು ಮಾತು ಇದೆ. ಸ್ಟಾಲಿನ್ ಮಾಡಿದ್ದು ಬಾಗಿಲನ್ನು ತೆಗೆದುಹಾಕಿ ಉಳಿದ ರೀತಿಯನ್ನೆಲ್ಲ ಇಟ್ಟುಕೊಂಡದ್ದು. ಆಗ ಅದೇ ಹಾಡು, ಅದೇ ಲೋಟ, ಅದೇ ಶುಭಕೋರಿಕೆ ಹಿಂಸೆಯಾಗುತ್ತದೆ. ನಮ್ಮಲ್ಲಿ ಬಾಳೆಲೆಯ ಮುಂದೆ ಕೂತವನು ಸಾಕೆನಿಸಿದಾಗ ಬಾಯಲ್ಲಿ ಹೇಳುವುದಿಲ್ಲ, ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿಯುತ್ತಾನೆ. ಬಡಿಸುವವರು ಎರಡು ಸಲ ಬಲವಂತ ಮಾಡಿದರೂ ಆ ಕೈಗಳ ಮೇಲೆ ಹೋಳಿಗೆ ಹಾಕುವುದಿಲ್ಲ. ಹಾಕಿದರೆ ಅದು ಉಪಚಾರವಾಗಿ ಉಳಿಯುವುದಿಲ್ಲ ಎಂದು ಎರಡು ಕಡೆಗೂ ಗೊತ್ತು. ಬೇಡವೆನ್ನುವ ಸನ್ನೆಯನ್ನೂ ತನ್ನೊಳಗೆ ಇಟ್ಟುಕೊಂಡಿರುವ ಕ್ರಮವಷ್ಟೇ ಅತಿಥಿಯನ್ನು ಕಾಯುತ್ತದೆ. ಕೊಂಬಿನ ಮಾತಿಗೇ ಬಂದರೆ, ಕುಡಿಯುವ ಅಭ್ಯಾಸವಿಲ್ಲದವನು ಆ ಕೊಂಬು ಕೈಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ಮೇಜಿಗೆ ಕೂರುವಾಗಲೇ ತಮಾದಾನ ಕಿವಿಗೆ ಹಾಕಬೇಕು. ಅಲ್ಲಿಂದ ಮುಂದೆ ಅವನ ಮರ್ಯಾದೆ ಕಾಪಾಡುವುದು ಆ ಯಜಮಾನನ ಹೊಣೆಯಾಗುತ್ತದೆ.

ಹೆಣ್ಣುಮಕ್ಕಳ ಕಡೆಯಿಂದ ಬರುವ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಒಬ್ಬಳೇ ಹೊರಟ ಹೆಂಗಸಿನ ರಾತ್ರಿಯ ಅಳುಕು ಕ್ರಮ ಗೊತ್ತಿಲ್ಲದ್ದರಿಂದ ಮಾತ್ರ ಹುಟ್ಟಿದ್ದಲ್ಲ. ಅದಕ್ಕೆ ಅನುಭವದ ಆಧಾರವಿದೆ. ಸುಪ್ರಾದ ಕ್ರಮವನ್ನು ಕಟ್ಟಿದವರೂ ಗಂಡಸರೇ. ತಮಾದಾ ಹೆಚ್ಚಾಗಿ ಗಂಡಸು. ಹೆಂಗಸರಿಗೆ ಶುಭ ಕೋರುವ ಸುತ್ತು ಬಹಳ ಕಾವ್ಯಮಯವಾಗಿ ನಡೆಯುವಾಗ ಆ ಮನೆಯ ಹೆಂಗಸರು ಅಡುಗೆಮನೆಯಿಂದ ಇನ್ನೊಂದು ತಟ್ಟೆ ತರುತ್ತಿರುತ್ತಾರೆ. ಹೊಗಳಿಕೆ ಮೇಜಿನ ಮೇಲೆ, ದುಡಿಮೆ ಮೇಜಿನ ಆಚೆ. ನಮಗೇನೂ ಹೊಸ ದೃಶ್ಯವಲ್ಲ. ಇದನ್ನು ಒಪ್ಪಿಕೊಂಡೂ ಒಂದು ಮಾತು ಹೇಳಬಹುದು. ಅಜ್ಜಿ, ಸೊಸೆ, ಮಕ್ಕಳು ಓಡಾಡುವ ಮನೆಯ ಮೇಜಿಗೂ, ಯಾರು ಯಾರಿಗೆ ಏನಾಗಬೇಕೆಂದು ತಿಳಿಯದ ಬಾರಿನ ಮೂಲೆಗೂ ಇರುವ ಅಂತರವನ್ನು ಹೆಂಗಸರು ಗಂಡಸರಿಗಿಂತ ಬೇಗ ಗುರುತಿಸುತ್ತಾರೆ. ಮೂರು ತಲೆಮಾರು ಇರುವ ಕಡೆ ಕ್ರಮ ಇರುತ್ತದೆ ಎಂಬುದು ಅವರಿಗೆ ಯಾವ ಪ್ರಬಂಧವನ್ನೂ ಓದದೆ ಗೊತ್ತು. ಹೆಂಗಸರ ಆ ಎಚ್ಚರಿಕೆಯನ್ನು ನಾವು ಭಯವೆಂದು ಕರೆದು ಸಣ್ಣದು ಮಾಡುತ್ತೇವೆ. ಅದು ಓದುವ ಕಲೆ.

ಈ ಸುಪ್ರಾ ಎಲ್ಲ ಇತ್ತೀಚಿನ ಸೃಷ್ಟಿ, ರಷ್ಯದ ಆಳ್ವಿಕೆಯಲ್ಲಿ, 19ನೆಯ ಶತಮಾನದಲ್ಲಿ, ತಮ್ಮತನ ತೋರಿಸಲು ಕಟ್ಟಿಕೊಂಡ ವೇಷ ಎನ್ನುವವರೂ ಇದ್ದಾರೆ. ಈಗಿನ ಔಪಚಾರಿಕ ರೂಪಕ್ಕೆ ಆ ಮಾತು ಬಹುಶಃ ಸಲ್ಲುತ್ತದೆ. ಹಾಗೆಂದು ಎಲ್ಲವೂ ಹೊಸದಲ್ಲ. 1673ರಲ್ಲಿ ಟಿಬಿಲಿಸಿಯಲ್ಲಿದ್ದ ಫ್ರೆಂಚ್ ರತ್ನವ್ಯಾಪಾರಿ ಷಾರ್ಡಿನ್ ಅಲ್ಲಿನ ಅರಮನೆಯ ಮದುವೆ ಔತಣವನ್ನೂ ಸುತ್ತಿನ ಮೇಲೆ ಸುತ್ತು ಶುಭ ಕೋರುತ್ತಿದ್ದ ಪದ್ಧತಿಯನ್ನೂ ವಿವರಿಸಿದ್ದಾನೆ. ಪಶ್ಚಿಮ ಜಾರ್ಜಿಯಾದ ವಾನಿಯಲ್ಲಿ ಅಗೆದಾಗ ಸಿಕ್ಕ ಕ್ರಿಸ್ತಪೂರ್ವ 7ನೆಯ ಶತಮಾನದ ಪುಟ್ಟ ಕಂಚಿನ ಗೊಂಬೆಯ ಕೈಯಲ್ಲಿ ಕುಡಿಯುವ ಕೊಂಬಿದೆ; ಅದರ ದೊಡ್ಡ ಪ್ರತಿಯನ್ನು ಟಿಬಿಲಿಸಿಯ ಹಳೆಪೇಟೆಯ ಬೀದಿಯಲ್ಲಿ ತಮಾದಾ ಎಂಬ ಹೆಸರಿನಲ್ಲಿ ಕೂರಿಸಿದ್ದಾರೆ. ಜಾರ್ಜಿಯಾದಲ್ಲಿ ಸಿಕ್ಕ ಮಣ್ಣಿನ ಗಡಿಗೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಕುರುಹು ಸಿಕ್ಕಿದ್ದು 2017ರಲ್ಲಿ ಪ್ರಕಟವಾಯಿತು. ಆದರೆ ನನಗೆ ಈ ಹಳಮೆಯ ಜಗಳದಲ್ಲಿ ಅಷ್ಟು ಆಸಕ್ತಿಯಿಲ್ಲ. ಒಂದು ಕಟ್ಟುಪಾಡು 150 ವರ್ಷದ್ದೋ 3,000 ವರ್ಷದ್ದೋ, ಇವತ್ತು ರಾತ್ರಿ ಅದು ಹೊಸಬನಿಗೆ ಜಾಗ ಮಾಡಿಕೊಡುತ್ತದೆಯೇ ಎಂಬುದು ಮುಖ್ಯ. ದುಡ್ಡು ಕೊಟ್ಟು ಬುಕ್ ಮಾಡುವ ಪ್ರವಾಸಿ ಸುಪ್ರಾಗಳಿಗೂ ಇದೇ ಮಾತು. ಅವು ನಾಟಕವಿರಬಹುದು, ಆದರೆ ದರ ಮೊದಲೇ ಬರೆದಿಟ್ಟ ನಾಟಕ.

ಟಿಬಿಲಿಸಿಯ ಇಂದಿನ ಯುವಕರಲ್ಲಿ ಅನೇಕರಿಗೆ ಅಪ್ಪಂದಿರ ಸುಪ್ರಾ ಎಂದರೆ ಆಕಳಿಕೆ. ಅವರ ರಾತ್ರಿ ಬೇರೆಡೆ ಇದೆ. ದಿನಾಮೊ ಫುಟ್ಬಾಲ್ ಕ್ರೀಡಾಂಗಣದ ಅಡಿಯಲ್ಲಿ 2014ರಿಂದ ನಡೆಯುತ್ತಿರುವ ಬಾಸಿಯಾನಿ ಎಂಬ ಟೆಕ್ನೊ ಕ್ಲಬ್ ಯುರೋಪಿನಲ್ಲೆಲ್ಲ ಹೆಸರು ಮಾಡಿದೆ. 2018ರ ಮೇ 12ರ ಬೆಳಗಿನ ಜಾವ ಶಸ್ತ್ರಧಾರಿ ಪೊಲೀಸರು ಅದರ ಮೇಲೆ ದಾಳಿ ಮಾಡಿದಾಗ ಸಾವಿರಾರು ಯುವಕ ಯುವತಿಯರು ಸಂಸತ್ ಭವನದ ಮುಂದೆ ಧ್ವನಿವರ್ಧಕ ಹೂಡಿ ಕುಣಿದೇ ಪ್ರತಿಭಟಿಸಿದರು. ಇಲ್ಲಿ ತಮಾದಾ ಇಲ್ಲ, ಭಾಷಣವಿಲ್ಲ, ಅತಿಥಿಗೆಂದು ಮೀಸಲಾದ ಸುತ್ತೂ ಇಲ್ಲ. ಹಾಗಾದರೆ ಕ್ರಮವೂ ಇಲ್ಲವೇ? ಇದೆ. ಯಾರು ಒಳಗೆ ಬರಬಹುದೆಂಬುದು ಬಾಗಿಲಲ್ಲೇ ತೀರ್ಮಾನ, ಒಳಗೆ ಫೋಟೊ ತೆಗೆಯುವಂತಿಲ್ಲ, ಕುಣಿಯುವವರನ್ನು ಪೀಡಿಸುವಂತಿಲ್ಲ. ಆದರೆ ಈ ಕ್ರಮಕ್ಕೊಂದು ಊನವಿದೆ. ಸುಪ್ರಾದಲ್ಲಿ ಗೊತ್ತಿಲ್ಲದವನಿಗೆ ಹೇಳಿಕೊಡುವುದು ಮನೆಯವರ ಹೊಣೆ. ಇಲ್ಲಿ ಗೊತ್ತಿಲ್ಲದಿರುವುದೇ ಹೊರಗೆ ನಿಲ್ಲಿಸಲು ಕಾರಣವಾಗಬಹುದು, ಮತ್ತು ಯಾಕೆ ನಿಲ್ಲಿಸಿದರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯೋ, ಬಣ್ಣವೋ, ಮುಖವೋ? ಜಗತ್ತಿನ ಎಲ್ಲ ದೊಡ್ಡ ಊರುಗಳ ಕ್ಲಬ್ ಬಾಗಿಲುಗಳಲ್ಲಿ ಉತ್ತರ ಸಿಗದೆ ವಾಪಸಾಗುವ ಪ್ರಶ್ನೆ ಇದು. ಸ್ವಾತಂತ್ರ್ಯದ ಹೆಸರಿನ ರಾತ್ರಿಗಿಂತ ಸಂಪ್ರದಾಯದ ಹೆಸರಿನ ರಾತ್ರಿ ಹೊಸಬನಿಗೆ ಹೆಚ್ಚು ಸಲೀಸಾಗಿರುವುದು ವಿಚಿತ್ರವಾದರೂ ಸುಳ್ಳಲ್ಲ.

ಜಾರ್ಜಿಯಾದ ವೈದ್ಯಕೀಯ ಕಾಲೇಜುಗಳಲ್ಲಿ ಈಗ ಭಾರತದ ಸಾವಿರಾರು ವಿದ್ಯಾರ್ಥಿಗಳಿದ್ದಾರೆ, ಕರ್ನಾಟಕದ ಮಕ್ಕಳೂ ಅವರಲ್ಲಿದ್ದಾರೆ. ಹೊರಡುವ ಮುನ್ನ ಅವರಿಗೆ ಉಪ್ಪಿನಕಾಯಿ, ಸಾಂಬಾರು ಪುಡಿಯ ಜೊತೆ ಬೇಕಾದಷ್ಟು ಎಚ್ಚರಿಕೆಗಳನ್ನೂ ಕಟ್ಟಿಕೊಡುತ್ತೇವೆ. ಅದರ ಜೊತೆ ಗೌಮರ್ಜೋಸ್ ಎಂಬ ಒಂದು ಪದ, ತಮಾದಾ ಎಂಬ ಇನ್ನೊಂದು ಪದ, ಮತ್ತು ನಮ್ಮೂರಿನ ಬಗ್ಗೆ ಎದ್ದುನಿಂತು ಹೇಳಬಹುದಾದ ನಾಲ್ಕು ವಾಕ್ಯ ಕಲಿಸಿ ಕಳಿಸಿದರೆ ಚೆನ್ನ. ಕುಡಿಯದವರು ಕೂರುವಾಗಲೇ ಹೇಳಬೇಕು ಎಂಬುದನ್ನೂ ಹೇಳಿಕೊಡಿ. ಖಿಂಕಾಲಿ ಎಂಬ ಕಡುಬನ್ನು ಮೇಲಿನ ಜುಟ್ಟು ಹಿಡಿದು ಕೈಯಲ್ಲೇ ತಿನ್ನಬೇಕು, ಒಳಗಿನ ಸಾರನ್ನು ಮೊದಲು ಹೀರಬೇಕು, ಜುಟ್ಟನ್ನು ತಟ್ಟೆಯಲ್ಲಿ ಬಿಡಬೇಕು. ಇಷ್ಟು ಗೊತ್ತಿದ್ದವನು ಆ ಮೇಜಿನಲ್ಲಿ ಅರ್ಧ ಊರಿನವನೇ.

ಇನ್ನೊಂದು ವಿನಂತಿ ಇಲ್ಲೇ ಇರುವವರಿಗೆ. ಬೆಂಗಳೂರಿಗೆ, ಮೈಸೂರಿಗೆ, ಮಂಗಳೂರಿಗೆ ಓದಲೋ ಕೆಲಸಕ್ಕೋ ಬಂದು, ಒಂದು ಶುಕ್ರವಾರ ಸಂಜೆ ನಮ್ಮವರ ಜೊತೆ ಮೊದಲ ಸಲ ಹೊರಟವರ ಎದೆಯಲ್ಲೂ ಇದೇ ಪುಕಪುಕ ಇರುತ್ತದೆ. ಮನೆಗೆ ಕರೆದರೆ ನಮಗೆ ಕ್ರಮ ಗೊತ್ತು. ಬಾಗಿಲಲ್ಲೇ ನೀರು ಕೊಡುವುದರಿಂದ ಹಿಡಿದು ಹೋಗುವಾಗ ಕುಂಕುಮ ಇಡುವವರೆಗೆ. ಹೊರಗಿನ ರಾತ್ರಿಗೆ ಅಂಥದ್ದನ್ನು ನಾವಿನ್ನೂ ಮಾಡಿಕೊಂಡಿಲ್ಲ. ಹೊಸಬರನ್ನು ಕರೆಯುವಾಗ ಮೂರು ಸಂಗತಿಯನ್ನು ಅವರು ಕೇಳುವ ಮೊದಲೇ ಹೇಳಿಬಿಡಿ: ಯಾರ್ಯಾರು ಬರುತ್ತಾರೆ, ಬಿಲ್ ಯಾರು ಕೊಡುತ್ತಾರೆ, ವಾಪಸು ಹೇಗೆ. ಆಮೇಲೆ ಮೇಜಿನಲ್ಲಿ ಹತ್ತು ನಿಮಿಷವಾದರೂ ಅವರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ.